ದೇವರಿಗೆ ಏಕವಚನ

ಕಳೆದ ವರ್ಷ ಗಣೇಶನ ಹಬ್ಬದ ಬೆಳಿಗ್ಗೆ ಪೂಜೆಗೆ ಬಂದ ಭಟ್ಟರನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಕರೆದು ಮಣೆ ಹಾಕಿದೆ. ಒಂದು ಗಂಟೆಯ ನಂತರ ಮನೆಯವರೆಲ್ಲ ಕೈಮುಗಿದು ನಿಂತು ‘ಕಾಪಾಡಪ್ಪಾ, ಎಲ್ಲರಿಗೂ ಒಳ್ಳೆ ಬುದ್ಧಿ ಕೊಡು’ ಎಂದು ಗಣಪತಿಯನ್ನು ಕೇಳಿಕೊಂಡೆವು. ಎರಡನ್ನೂ ಗಮನಿಸಿದ್ದ ತಮ್ಮನ ಮಗಳು, ಎಂಟು ವರ್ಷದವಳು, ಮಂಗಳಾರತಿಯ ತಟ್ಟೆ ತನ್ನ ಮುಂದೆ ಬಂದಾಗ ಕೇಳಿದಳು: ‘ದೊಡ್ಡಪ್ಪಾ, ಭಟ್ಟರಿಗೆ ಬನ್ನಿ ಅಂತೀರಿ, ದೇವರಿಗೆ ಮಾತ್ರ ಕೊಡು, ಕಾಪಾಡು ಅಂತೀರಿ. ದೇವರು ಭಟ್ಟರಿಗಿಂತ ಚಿಕ್ಕವನಾ?’ ಭಟ್ಟರು ನಕ್ಕರು. ನಾನು, ಇಂಥ ಪ್ರಶ್ನೆಗೆ ದೊಡ್ಡವರೆಲ್ಲ ಕೊಡುವ ಉತ್ತರವನ್ನೇ ಕೊಟ್ಟೆ. ಹತ್ತಿರದವರನ್ನು ಏಕವಚನದಲ್ಲಿ ಮಾತಾಡಿಸುತ್ತೇವೆ, ದೇವರು ನಮಗೆ ತುಂಬ ಹತ್ತಿರ ಎಂದೆ. ‘ಹಾಗಾದ್ರೆ ಅಜ್ಜ ಹತ್ತಿರ ಅಲ್ವಾ? ಅಜ್ಜಂಗೆ ನೀವು ಅಂತೀರಲ್ಲ’ ಎಂದು ಅವಳು ಆರತಿಗೆ ಕೈಯೊಡ್ಡಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನದಿಂದ ಕಿವಿ ಈ ವಿಷಯಕ್ಕೆ ತೆರೆದುಕೊಂಡಿದೆ. ‘ದೇವರು’ ಎಂಬ ಪದವೇ ಗೌರವದ ಬಹುವಚನದಲ್ಲಿದೆ. ಆದರೆ ವಾಕ್ಯ ಮುಗಿಯುವಾಗ ‘ದೇವರು ದೊಡ್ಡವನು’, ‘ದೇವರು ಕೊಟ್ಟ’ ಎಂದು ಮಾತು ಏಕವಚನಕ್ಕೆ ಇಳಿಯುತ್ತದೆ. ಇನ್ನು ಪ್ರಾರ್ಥನೆಯ ರೂಪವನ್ನು ನೋಡಿದರೆ, ‘ಬಾ’, ‘ನೋಡು’, ‘ಕೊಡು’ ಎಂಬುವೆಲ್ಲ ಮನೆಯ ಮಕ್ಕಳಿಗೆ ಕೆಲಸ ಹೇಳುವಾಗ ಬಳಸುವ ರೂಪಗಳೇ. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥ ಎಂಬ ಒಂದೇ ಪೆಟ್ಟಿಗೆಯಲ್ಲಿ ಅಪ್ಪಣೆ, ಆಶೀರ್ವಾದ, ಹಾರೈಕೆ ಇವೆಲ್ಲವನ್ನೂ ತುಂಬಿ ನಮಗೆ ಬಾಯಿಪಾಠ ಮಾಡಿಸಿದ್ದರು. ದೇವರಿಗೆ ಹೇಳುವುದೂ ಆಳಿಗೆ ಹೇಳುವುದೂ ಒಂದೇ ರೂಪದಲ್ಲಿ ಇದ್ದರೆ ಎರಡನ್ನೂ ಬೇರೆ ಮಾಡುವುದು ಯಾವುದು ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದವನೊಬ್ಬ ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸಿನಲ್ಲಿದ್ದ. ಎಂಟು ವರ್ಷದ ಹುಡುಗಿಯ ತಕರಾರಿಗೆ ಅಲ್ಲಿ ಅಷ್ಟು ಹಳೆಯ ನಂಟಿದೆ ಎಂಬುದು ಎಂದೋ ಓದಿ ಮರೆತಿದ್ದ ಪುಸ್ತಕವನ್ನು ಮತ್ತೆ ತೆರೆದಾಗ ಹೊಳೆಯಿತು.

ಅಪ್ಪಣೆಯೋ ಬೇಡಿಕೆಯೋ

ಅಬ್ದೆರಾ ಊರಿನ ತತ್ವಜ್ಞಾನಿ ಪ್ರೊಟಾಗೊರಸ್ ಹೋಮರನ ಇಲಿಯಡ್ ಕಾವ್ಯದ ಮೊದಲ ಸಾಲಿನಲ್ಲೇ ತಪ್ಪು ಹಿಡಿದ. ಅಕಿಲೀಸನ ಮುನಿಸನ್ನು ಹಾಡು, ದೇವಿ ಎಂದು ಆ ಕಾವ್ಯ ಆರಂಭವಾಗುತ್ತದೆ. ಕವಿ ತಾನು ಪ್ರಾರ್ಥಿಸುತ್ತಿದ್ದೇನೆ ಎಂದುಕೊಂಡಿದ್ದಾನೆ, ಆದರೆ ಆಡಿದ ಮಾತು ಅಪ್ಪಣೆ. ಮಾಡು ಎಂದೋ ಮಾಡಬೇಡ ಎಂದೋ ಹೇಳುವುದು ಅಪ್ಪಣೆಯಲ್ಲದೆ ಮತ್ತೇನು ಎಂಬುದು ಅವನ ಆಕ್ಷೇಪ. ಇದು ಸುಮ್ಮನೆ ಕಾಲೆಳೆಯುವ ಮಾತಲ್ಲ. ಮಾತನ್ನು ಪ್ರಾರ್ಥನೆ, ಪ್ರಶ್ನೆ, ಉತ್ತರ, ಅಪ್ಪಣೆ ಎಂದು ನಾಲ್ಕು ಬಗೆಯಾಗಿ ಮೊದಲು ವಿಂಗಡಿಸಿದವನು ಇವನೇ ಎಂದು, ಗ್ರೀಕ್ ತತ್ವಜ್ಞಾನಿಗಳ ಜೀವನ ಚರಿತ್ರೆಗಳನ್ನು ಬರೆದ ಡಯೋಜನೀಸ್ ಲೇರ್ಶಿಯಸ್ ದಾಖಲಿಸಿದ್ದಾನೆ. ಗ್ರೀಕ್ ಭಾಷೆಯಲ್ಲಿ ಹಾರೈಕೆಗೆಂದೇ ಕ್ರಿಯಾಪದದ ಬೇರೊಂದು ರೂಪವಿತ್ತು, ನಮ್ಮ ‘ಆಗಲಿ’, ‘ಬರಲಿ’ಗಳ ಹಾಗೆ; ಮುಂದೆ ಅಲ್ಲಿನ ವ್ಯಾಕರಣಕಾರರು ಅದಕ್ಕೆ ಇಟ್ಟ ಹೆಸರೂ ಪ್ರಾರ್ಥನೆ ಎಂಬ ಪದದಿಂದಲೇ ಹುಟ್ಟಿದ್ದು. ಅಷ್ಟು ಮೃದುವಾದ ರೂಪ ಕೈಯಳತೆಯಲ್ಲಿದ್ದೂ ಹೋಮರ್ ‘ಹಾಡು’ ಎಂದು ನೇರ ಆಜ್ಞಾರ್ಥವನ್ನು ಯಾಕೆ ಬಳಸಿದ ಎಂಬುದು ಭಾಷೆಯನ್ನು ಗಂಭೀರವಾಗಿ ತೆಗೆದುಕೊಂಡವನ ಪ್ರಶ್ನೆ. ಇದೇ ಪ್ರೊಟಾಗೊರಸ್ ದೇವರುಗಳನ್ನು ಕುರಿತ ತನ್ನ ಗ್ರಂಥವನ್ನು, ಅವರು ಇದ್ದಾರೋ ಇಲ್ಲವೋ ತಿಳಿಯಲು ನನ್ನಿಂದಾಗದು, ವಿಷಯ ಅಸ್ಪಷ್ಟ, ಮನುಷ್ಯನ ಆಯುಸ್ಸು ಚಿಕ್ಕದು ಎಂಬ ಅರ್ಥದ ಮಾತಿನಿಂದ ಆರಂಭಿಸಿದ್ದ. ಇದ್ದಾರೋ ಇಲ್ಲವೋ ಎಂದು ಗೊತ್ತಿಲ್ಲದವರನ್ನು ಹೇಗೆ ಮಾತನಾಡಿಸಬೇಕೆಂಬುದರ ಬಗ್ಗೆ ಅವನಿಗೆ ಅಷ್ಟೊಂದು ಕಾಳಜಿಯಿತ್ತು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಈ ಆಕ್ಷೇಪ ನಮಗೆ ಉಳಿದು ಬಂದಿರುವುದು ಅರಿಸ್ಟಾಟಲನ ಕಾವ್ಯಮೀಮಾಂಸೆಯ 19ನೆಯ ಅಧ್ಯಾಯದಲ್ಲಿ. ಎಂ.ಎ. ಓದುವಾಗ ಅನುಕರಣೆ, ಕೆಥಾರ್ಸಿಸ್, ದುರಂತ ನಾಯಕ ಎಂದು ಪರೀಕ್ಷೆಗೆ ಬೇಕಾದಷ್ಟನ್ನು ಓದಿಕೊಂಡು 19ನೆಯ ಅಧ್ಯಾಯವನ್ನು ಹಾರಿಸಿದವರಲ್ಲಿ ನಾನೂ ಒಬ್ಬ. ಅರಿಸ್ಟಾಟಲನೂ ಅದನ್ನು ಹೆಚ್ಚುಕಡಿಮೆ ಹಾರಿಸಿಯೇ ಬಿಡುತ್ತಾನೆ. ಅಪ್ಪಣೆ ಯಾವುದು, ಪ್ರಾರ್ಥನೆ ಯಾವುದು, ಬೆದರಿಕೆ ಯಾವುದು ಎಂದು ತಿಳಿಯುವುದು ಮಾತನ್ನು ಧ್ವನಿಯಲ್ಲಿ ಒಪ್ಪಿಸುವ ಕಲೆಗೆ, ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ವಾಚಿಕಾಭಿನಯಕ್ಕೆ ಸೇರಿದ ವಿಷಯ. ಪ್ರೊಟಾಗೊರಸ್ ಹೇಳುವ ತಪ್ಪನ್ನು ತಪ್ಪೆಂದು ಯಾರು ತಾನೇ ಒಪ್ಪುತ್ತಾರೆ. ಇದು ಕಾವ್ಯಶಾಸ್ತ್ರದ ಕೆಲಸವಲ್ಲ, ಬಿಟ್ಟುಬಿಡೋಣ ಎಂದು ಮುಂದೆ ಹೋಗುತ್ತಾನೆ.

ಇಷ್ಟೇ ಆಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ವಾಕ್ಯ ಮತ್ತು ಅರ್ಥವನ್ನು ಕುರಿತ ತನ್ನ ಇನ್ನೊಂದು ಚಿಕ್ಕ ಗ್ರಂಥದ 4ನೆಯ ಅಧ್ಯಾಯದಲ್ಲಿ ಅದೇ ಅರಿಸ್ಟಾಟಲ್ ಹೀಗೆನ್ನುತ್ತಾನೆ: ಪ್ರತಿಯೊಂದು ವಾಕ್ಯಕ್ಕೂ ಅರ್ಥವಿರುತ್ತದೆ, ಆದರೆ ಪ್ರತಿಯೊಂದು ವಾಕ್ಯವೂ ನಿಜವೋ ಸುಳ್ಳೋ ಆಗಿರುವುದಿಲ್ಲ, ಉದಾಹರಣೆಗೆ, ಪ್ರಾರ್ಥನೆ ಒಂದು ವಾಕ್ಯ, ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅಂಥ ವಾಕ್ಯಗಳನ್ನು ಇಲ್ಲಿಗೆ ಬಿಡೋಣ, ಅವುಗಳ ವಿಚಾರ ಅಲಂಕಾರಶಾಸ್ತ್ರಕ್ಕೋ ಕಾವ್ಯಶಾಸ್ತ್ರಕ್ಕೋ ಸೇರಿದ್ದು ಎಂದು ಸೇರಿಸುತ್ತಾನೆ. ಅಂದರೆ ತರ್ಕಶಾಸ್ತ್ರದ ಬಾಗಿಲಲ್ಲಿ ಪ್ರಾರ್ಥನೆಯನ್ನು ತಡೆದು ‘ಕಾವ್ಯಶಾಸ್ತ್ರದವರನ್ನು ವಿಚಾರಿಸು’ ಎಂದು ಕಳಿಸಿದವನೇ, ಅದು ಕಾವ್ಯಶಾಸ್ತ್ರದ ಬಾಗಿಲಿಗೆ ಬಂದಾಗ ‘ಇದು ನಮ್ಮ ವಿಭಾಗವಲ್ಲ, ಪಕ್ಕದ ಕೋಣೆಯಲ್ಲಿ ಕೇಳು’ ಎಂದು ಅಟ್ಟಿದ್ದಾನೆ. ಸರ್ಕಾರಿ ಕಚೇರಿಗಳಲ್ಲಿ ಅರ್ಜಿ ಹಿಡಿದು ಅಲೆದವರಿಗೆ ಈ ಅನುಭವ ಹೊಸದಲ್ಲ. ನನ್ನ ಮಟ್ಟಿಗೆ, ಪಶ್ಚಿಮದಲ್ಲಿ ದೇವರ ಮಾತಿನ ಬಗ್ಗೆ ಮುಂದೆ ನಡೆದ ಬಹುಪಾಲು ಜಗಳ ಈ ಎರಡು ಬಾಗಿಲುಗಳ ನಡುವಿನ ಪಡಸಾಲೆಯಲ್ಲೇ ನಡೆದದ್ದು.

ಕವಿಗಳ ಮೇಲಿನ ದೂರು

ಕವಿಗಳ ಮೇಲೆ ಗ್ರೀಕ್ ತತ್ವಜ್ಞಾನಿಗಳು ಹೊರಿಸಿದ ಆರೋಪ ಎಲ್ಲರಿಗೂ ಗೊತ್ತಿರುವಂಥದ್ದೇ. ಕೊಲೊಫೊನ್ ಊರಿನ ಕ್ಸೆನೊಫನೀಸ್ ಕ್ರಿ.ಪೂ. 6ನೆಯ ಶತಮಾನದಲ್ಲಿ ಹುಟ್ಟಿದವನು. ಕಳ್ಳತನ, ಹಾದರ, ಮೋಸ, ಹೀಗೆ ಮನುಷ್ಯರು ನಾಚಬೇಕಾದ ಎಲ್ಲವನ್ನೂ ಹೋಮರ್ ಮತ್ತು ಹೆಸಿಯಡ್ ದೇವರುಗಳಿಗೆ ಅಂಟಿಸಿದ್ದಾರೆ ಎಂದು ದೂರಿದ, ಎತ್ತುಗಳಿಗೆ ಕೈಯಿದ್ದಿದ್ದರೆ ಎತ್ತಿನಂಥ ದೇವರನ್ನೇ ಬರೆಯುತ್ತಿದ್ದವು ಎಂದ. ಈ ಎತ್ತಿನ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ. ಅವನದೇ ಇನ್ನೊಂದು ಪದ್ಯವಿದೆ, ಅದನ್ನು ನೆನೆಯುವವರು ಕಡಿಮೆ. ಅದರಲ್ಲಿ ಒಂದು ಔತಣದ ಕೋಣೆ ಸಿದ್ಧವಾಗಿದೆ: ನೆಲ ಶುಚಿಯಾಗಿದೆ, ಎಲ್ಲರ ಕೈಗಳೂ ಬಟ್ಟಲುಗಳೂ ಶುಚಿಯಾಗಿವೆ, ಒಬ್ಬ ತಲೆಗಳಿಗೆ ಹೂಮಾಲೆ ಸುತ್ತುತ್ತಿದ್ದಾನೆ, ತಣ್ಣೀರು ಇದೆ, ಹೊಂಬಣ್ಣದ ರೊಟ್ಟಿ, ಗಿಣ್ಣು ಮತ್ತು ಗಟ್ಟಿ ಜೇನಿನ ಭಾರಕ್ಕೆ ಮೇಜು ತೂಗುತ್ತಿದೆ, ನಡುವೆ ಹೂವಿನಿಂದ ಮುಚ್ಚಿಹೋದ ಬಲಿಪೀಠ. ಇಲ್ಲಿ ಕೂತವರು ಮೊದಲು ಮಾಡಬೇಕಾದದ್ದು ಶುದ್ಧವಾದ ಮಾತುಗಳಿಂದ ದೇವರನ್ನು ಸ್ತುತಿಸಿ, ನ್ಯಾಯವಾದದ್ದನ್ನು ಮಾಡುವ ಶಕ್ತಿ ನಮಗಿರಲಿ ಎಂದು ಪ್ರಾರ್ಥಿಸುವುದು. ಹಾಡಬಾರದ್ದು ಟೈಟನರ, ದೈತ್ಯರ, ಸೆಂಟಾರರ ಕಾಳಗದ ಕತೆಗಳನ್ನು. ದೇವರ ಬಗ್ಗೆ ಕವಿಗಳು ಹೇಳಿದ್ದನ್ನೆಲ್ಲ ಗುಡಿಸಿ ಹೊರಗೆ ಹಾಕಿದ ಮನುಷ್ಯ, ಗುಡಿಸಿದ ಅದೇ ನೆಲದ ಮೇಲೆ ಪ್ರಾರ್ಥನೆಗೆ ಜಾಗ ಬಿಟ್ಟಿದ್ದಾನೆ.

ಪ್ಲೇಟೊ ಮಾಡಿದ್ದೂ ಇದನ್ನೇ ಎಂದು ನನಗೆ ಗೊತ್ತಾದದ್ದು ತಡವಾಗಿ. ‘ರಿಪಬ್ಲಿಕ್’ ಗ್ರಂಥದ 2ನೆಯ ಭಾಗದಲ್ಲಿ ಅವನು ಕವಿಗಳಿಗೆ ಎರಡು ಅಚ್ಚುಗಳನ್ನು ಕೊಡುತ್ತಾನೆ: ದೇವರು ಒಳ್ಳೆಯದಕ್ಕೆ ಮಾತ್ರ ಕಾರಣ, ದೇವರು ರೂಪ ಬದಲಿಸುವುದಿಲ್ಲ, ಮೋಸ ಮಾಡುವುದಿಲ್ಲ. ಇದೇ ಜಾಗದಲ್ಲಿ ‘ಥಿಯೊಲೊಗಿಯಾ’ ಎಂಬ ಪದ ಬರುತ್ತದೆ, ನಮಗೆ ಉಳಿದಿರುವ ಗ್ರೀಕ್ ಬರಹಗಳಲ್ಲಿ ಮೊತ್ತಮೊದಲ ಬಾರಿಗೆ. ಮುಂದೆ ಕ್ರೈಸ್ತ ವಿದ್ವಾಂಸರ ಕೈಯಲ್ಲಿ ದೊಡ್ಡ ಶಾಸ್ತ್ರವಾಗಿ ಬೆಳೆದ ದೇವತಾಶಾಸ್ತ್ರದ ಹೆಸರು ಮೊದಲು ಕಾಣಿಸಿಕೊಂಡದ್ದು ಕವಿಗಳು ದೇವರ ಕುರಿತು ಏನು ಬರೆಯಬಹುದು ಎಂಬ ಸೆನ್ಸಾರ್ ನಿಯಮವಾಗಿ! 10ನೆಯ ಭಾಗದಲ್ಲಿ, ಕಾವ್ಯಕ್ಕೂ ತತ್ವಶಾಸ್ತ್ರಕ್ಕೂ ಹಳೆಯ ಜಗಳವೊಂದಿದೆ ಎನ್ನುವುದಕ್ಕೆ ಸ್ವಲ್ಪ ಮುಂಚೆ, ತಾನು ಕಲ್ಪಿಸಿದ ಆದರ್ಶ ಊರೊಳಗೆ ಬಿಡಬಹುದಾದ ಕಾವ್ಯ ಯಾವುದೆಂದೂ ಹೇಳುತ್ತಾನೆ: ದೇವರ ಸ್ತುತಿಗಳು ಮತ್ತು ಒಳ್ಳೆಯವರ ಪ್ರಶಂಸೆ, ಅಷ್ಟೇ. ಕವಿಗಳನ್ನೆಲ್ಲ ಗಡೀಪಾರು ಮಾಡಿದ ಎಂದು ನಾವು ಗಿಳಿಪಾಠ ಹೇಳುವ ಪ್ಲೇಟೊ ಸ್ತುತಿಪದ್ಯವನ್ನು ಒಳಗೇ ಉಳಿಸಿಕೊಂಡಿದ್ದಾನೆ. ‘ಲಾಸ್’ ಗ್ರಂಥದಲ್ಲಿ ಇನ್ನೂ ಸೂಕ್ಷ್ಮವಾದ ಎಚ್ಚರಿಕೆ ಇದೆ. ಪ್ರಾರ್ಥನೆಯೆಂದರೆ ದೇವರಲ್ಲಿ ಇಡುವ ಬೇಡಿಕೆ, ಆದ್ದರಿಂದ ಕೆಟ್ಟದ್ದನ್ನು ಒಳ್ಳೆಯದೆಂದು ತಪ್ಪು ತಿಳಿದು ಬೇಡದಂತೆ ಕವಿಗಳು ಜಾಗ್ರತೆಯಿಂದ ಇರಬೇಕಂತೆ. ಗಮನಿಸಿ, ಕವಿಯ ಕತೆಗೆ ಪ್ಲೇಟೊ ಒಡ್ಡುವ ಪರೀಕ್ಷೆ ‘ಇದು ನಿಜವೇ’ ಎಂಬುದು. ಕವಿಯ ಪ್ರಾರ್ಥನೆಗೆ ಒಡ್ಡುವ ಪರೀಕ್ಷೆ ‘ಇದನ್ನು ಬೇಡಬಹುದೇ’ ಎಂಬುದು. ಎರಡೂ ಒಂದೇ ಅಲ್ಲ.

‘ಫೀಡ್ರಸ್’ ಸಂವಾದದ ಕೊನೆಗೆ, ಮಧ್ಯಾಹ್ನದ ಬಿಸಿಲು ಇಳಿದ ಮೇಲೆ, ಹೊರಡುವ ಮುಂಚೆ ಪ್ರಾರ್ಥಿಸಿ ಹೋಗೋಣ ಎಂದು ಸಾಕ್ರಟೀಸನೇ ಪ್ಯಾನ್ ದೇವನನ್ನೂ ಅಲ್ಲಿನ ಇತರ ದೇವರುಗಳನ್ನೂ ಕರೆದು, ಒಳಗೆ ನಾನು ಸುಂದರನಾಗುವಂತೆ ಆಗಲಿ ಎಂದು ಬೇಡುತ್ತಾನೆ. ಗ್ರೀಕ್ ಮೂಲದಲ್ಲಿ ಅವನು ಬಳಸುವುದು ಹಾರೈಕೆಯ ರೂಪ, ಆಜ್ಞಾರ್ಥವಲ್ಲ. ಪ್ರೊಟಾಗೊರಸ್ ಪಕ್ಕದಲ್ಲಿದ್ದರೆ ತಲೆದೂಗುತ್ತಿದ್ದ.

ಕಳೆದುಹೋದ ಹಸು

ಇನ್ನು 20ನೆಯ ಶತಮಾನಕ್ಕೆ ಬರಬೇಕು. 1936ರಲ್ಲಿ, ಇಪ್ಪತ್ತೈದರ ಹರೆಯದ ಇಂಗ್ಲಿಷ್ ತತ್ವಜ್ಞಾನಿ ಎ.ಜೆ. ಏಯರ್ ‘ಭಾಷೆ, ಸತ್ಯ ಮತ್ತು ತರ್ಕ’ ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ದೇವರಿದ್ದಾನೆ ಎಂಬ ವಾಕ್ಯ ನಿಜವೂ ಅಲ್ಲ, ಸುಳ್ಳೂ ಅಲ್ಲ, ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲದ್ದರಿಂದ ಅದು ಅರ್ಥಹೀನ ಎಂದು ತೀರ್ಪು ಕೊಟ್ಟ. ಅರಿಸ್ಟಾಟಲ್ ಪ್ರಾರ್ಥನೆಯ ಬಗ್ಗೆ ಬಳಸಿದ ಮಾತನ್ನೇ ಏಯರನೂ ಬಳಸುತ್ತಾನೆ, ‘ನಿಜವೂ ಅಲ್ಲ, ಸುಳ್ಳೂ ಅಲ್ಲ’. ಅಲ್ಲಿ ಅದು ಅರ್ಥವಿರುವ ವಾಕ್ಯಗಳಲ್ಲಿ ಒಂದು ಬಗೆಯನ್ನು ಗುರುತಿಸುವ ಮಾತಾಗಿತ್ತು. ಇಲ್ಲಿ ಅದು ಅರ್ಥದ ಹೊಸಿಲಿನಿಂದ ಹೊರಗೆ ದಬ್ಬುವ ಮಾತಾಯಿತು. 1950ರಲ್ಲಿ ಇನ್ನೊಬ್ಬ ಇಂಗ್ಲಿಷ್ ತತ್ವಜ್ಞಾನಿ ಆಂಟನಿ ಫ್ಲೂ ಒಂದು ದೃಷ್ಟಾಂತ ಹೇಳಿದ. ಇಬ್ಬರು ಕಾಡಿನ ನಡುವೆ ಹೂವೂ ಕಳೆಯೂ ಬೆಳೆದ ಬಯಲೊಂದನ್ನು ಕಾಣುತ್ತಾರೆ. ಇದಕ್ಕೊಬ್ಬ ತೋಟಗಾರ ಇರಲೇಬೇಕು ಎನ್ನುತ್ತಾನೆ ಒಬ್ಬ. ಕಾವಲು ಕೂತರೂ ಯಾರೂ ಬರುವುದಿಲ್ಲ. ವಿದ್ಯುತ್ ಹರಿಸಿದ ಮುಳ್ಳುತಂತಿ ಕಟ್ಟುತ್ತಾರೆ, ಬೇಟೆನಾಯಿ ಬಿಡುತ್ತಾರೆ, ಯಾರೂ ಸಿಕ್ಕುವುದಿಲ್ಲ. ಆತ ಕಣ್ಣಿಗೆ ಕಾಣದವನು, ಕೈಗೆ ಸಿಗದವನು, ಸದ್ದಿಲ್ಲದವನು ಎನ್ನುತ್ತಾ ಹೋಗುತ್ತಾನೆ ನಂಬಿದವನು. ಹಾಗಿದ್ದರೆ ನಿನ್ನ ತೋಟಗಾರನಿಗೂ ತೋಟಗಾರನೇ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂಬುದು ನಂಬದವನ ಪ್ರಶ್ನೆ. ಏನು ನಡೆದರೆ ನಿನ್ನ ಮಾತು ಸುಳ್ಳಾಯಿತೆಂದು ಒಪ್ಪುತ್ತೀಯ, ಅದನ್ನು ಹೇಳು ಎಂಬುದು ಫ್ಲೂನ ಸವಾಲು.

ಈ ದೃಷ್ಟಾಂತವನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅಜ್ಜಿಯ ಹಸು. ನಾನಾಗ ಆರನೆಯ ತರಗತಿಯಲ್ಲಿದ್ದೆ. ಮಳೆಗಾಲದ ಒಂದು ಸಂಜೆ ಮೇಯಲು ಬಿಟ್ಟ ಹಸುಗಳಲ್ಲಿ ಗೌರಿ ಎಂಬ ಹಸು ಮಾತ್ರ ಕೊಟ್ಟಿಗೆಗೆ ಮರಳಲಿಲ್ಲ. ಚಿಕ್ಕಪ್ಪಂದಿರು ಬ್ಯಾಟರಿ ಹಿಡಿದು ಗುಡ್ಡದ ಕಡೆ ಹೋದರು. ಅಜ್ಜಿ ಕೈಕಾಲು ತೊಳೆದು ಬಂದು, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ, ದೇವರ ಮುಂದಿನ ಹಿತ್ತಾಳೆ ದೀಪದ ಬತ್ತಿಯನ್ನು ಉಗುರಿನಿಂದ ಮೇಲೆ ಎಳೆದು ಹಚ್ಚಿದಳು. ಎಣ್ಣೆಯಾದ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ‘ವೆಂಕಟ್ರಮಣ, ಕಣ್ಣು ಬಿಟ್ಟು ನೋಡು. ಸುಮ್ನೆ ಕೂತ್ರೆ ಆಗೋದಿಲ್ಲ. ಎಲ್ಲಿದ್ರೂ ಹುಡುಕಿ ಹೊಡ್ಕೊಂಡು ಬಾ. ಅದು ಗಬ್ಬದ ಹಸು, ನಿಂಗೆ ಗೊತ್ತಿಲ್ವಾ?’ ಎಂದಳು. ಅಷ್ಟು ಗಟ್ಟಿಯಾಗಿ ಅವಳು ಅಜ್ಜನ ಎದುರು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಅಜ್ಜನಿಗೆ ಅವಳು ಯಾವತ್ತೂ ನೇರವಾಗಿ ‘ಬನ್ನಿ’ ಎಂದವಳೂ ಅಲ್ಲ, ‘ಊಟಕ್ಕೆ ಆಗಿದೆಯಂತೆ’ ಎಂದು ಗೋಡೆಗೆ ಹೇಳುತ್ತಿದ್ದಳು.

ಹಸು ಆ ರಾತ್ರಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಫ್ಲೂನನ್ನು ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿದರೆ ಅವನ ಪ್ರಶ್ನೆ ಸರಿಯಾಗಿಯೇ ಇದೆ: ಇನ್ನೆಷ್ಟು ಹಸು ಕಳೆದುಹೋಗಬೇಕು? ಆದರೆ ಅಜ್ಜಿ ಹೇಳಿದ್ದರಲ್ಲಿ ಸುಳ್ಳಾಗಬಲ್ಲ ವಾಕ್ಯ ಎಲ್ಲಿದೆ? ‘ನೋಡು’ ಎಂಬುದು ಸುಳ್ಳಾಗುವುದಿಲ್ಲ. ‘ಬಾ’ ಎಂಬುದೂ ಸುಳ್ಳಾಗುವುದಿಲ್ಲ, ಕರೆಸಿಕೊಂಡವರು ಬರದೇ ಇರಬಹುದು ಅಷ್ಟೇ. ಫ್ಲೂನ ಕಾಡಿನ ಇಬ್ಬರೂ ತೋಟಗಾರನ ಕುರಿತು ತಮ್ಮತಮ್ಮಲ್ಲೇ ವಾದಿಸುತ್ತಾರೆ ಹೊರತು ತೋಟಗಾರನನ್ನು ಒಮ್ಮೆಯಾದರೂ ಕೂಗಿ ಕರೆಯುವುದಿಲ್ಲ ಎಂಬುದು ನನಗೆ ಯಾವಾಗಲೂ ವಿಚಿತ್ರವೆನಿಸಿದೆ. ಹೋಮರ್ ಮತ್ತು ಹೆಸಿಯಡರ ಮೇಲಿನ ದೂರಿನ ಹಾಗೆಯೇ ಇದೂ ದೇವರ ಬಗ್ಗೆ ಆಡುವ ಮಾತಿನ ಮೇಲಿನ ದೂರು. ದೇವರೊಂದಿಗೆ ಆಡುವ ಮಾತು ಇಲ್ಲಿ ವಿಚಾರಣೆಗೆ ಬಂದೇ ಇಲ್ಲ.

ಬರಲೇ ಇಲ್ಲ ಎನ್ನುವಂತಿಲ್ಲ. 1953ರಲ್ಲಿ ಹೊರಬಂದ ವಿಟ್ಗೆನ್‌ಸ್ಟೈನನ ತತ್ವಶೋಧಗಳ ಗ್ರಂಥ ಭಾಷೆಯಿಂದ ನಾವು ಮಾಡುವ ಕೆಲಸಗಳನ್ನು ಪಟ್ಟಿ ಮಾಡುವಾಗ ಅಪ್ಪಣೆ ಕೊಡುವುದರಿಂದ ಶುರುಮಾಡಿ ಬೇಡುವುದು, ವಂದಿಸುವುದು, ಶಪಿಸುವುದರ ಜೊತೆ ಕೊನೆಗೆ ಪ್ರಾರ್ಥಿಸುವುದನ್ನೂ ಸೇರಿಸುತ್ತದೆ. ತತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಉಪನ್ಯಾಸಗಳಲ್ಲಿ, ಹೇಳುವುದರಿಂದಲೇ ನಡೆದುಹೋಗುವ ಕೆಲಸಗಳನ್ನು ಗುರುತಿಸಿದ. ಪೂಜೆಗೆ ಕೂತವರಿಗೆ ಇದು ಹೊಸ ವಿಷಯವೇನಲ್ಲ. ‘ಸಮರ್ಪಯಾಮಿ’ ಎಂಬುದು ವರದಿಯಲ್ಲ. ಮನೆಯಲ್ಲಿ ವಸ್ತ್ರವಿಲ್ಲದಿದ್ದರೆ ಭಟ್ಟರು ‘ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ’ ಎಂದು ನಾಲ್ಕು ಅಕ್ಷತೆಕಾಳು ಹಾಕಿಸುತ್ತಾರೆ, ಬಟ್ಟೆಯನ್ನು ಕೊಟ್ಟೆವೆಂಬುದು ಸುಳ್ಳಲ್ಲವೇ ಎಂದು ಯಾರೂ ಜಗಳ ತೆಗೆಯುವುದಿಲ್ಲ. 1965ರಲ್ಲಿ ತತ್ವಜ್ಞಾನಿ ಡಿ.ಜೆಡ್. ಫಿಲಿಪ್ಸ್ ಪ್ರಾರ್ಥನೆಯ ಪರಿಕಲ್ಪನೆಯ ಮೇಲೆಯೇ ಒಂದು ಪುಸ್ತಕ ಬರೆದು, ಬೇಡಿಕೆಯ ಪ್ರಾರ್ಥನೆಯನ್ನು ದೇವರ ಕೈಯಿಂದ ಕೆಲಸ ಮಾಡಿಸಿಕೊಳ್ಳುವ ಉಪಾಯವೆಂದು ತಿಳಿಯಬಾರದು, ಬೇಡುವವನು ತನ್ನ ಆಸೆಯನ್ನು ದೇವರ ಮುಂದಿಟ್ಟು ಏನಾದರೂ ಅದಕ್ಕೆ ತಾನು ಕುಸಿಯದಂತೆ ಇರಲು ಹುಡುಕುವ ನೆಲೆ ಅದು ಎಂಬರ್ಥದಲ್ಲಿ ವಾದಿಸಿದ. ಸುಂದರವಾದ ವಾದ. ಆದರೆ ಇದನ್ನು ನಮ್ಮ ಅಜ್ಜಿಗೆ ಹೇಳಿದ್ದರೆ ‘ನಂಗೆ ಹಸು ಬೇಕು ಮಾರಾಯ’ ಎನ್ನುತ್ತಿದ್ದಳು.

ಕರೆಯುವ ಹೆಸರು

ನಾನು ಇಷ್ಟು ಹೊತ್ತು ಕಟ್ಟಿಕೊಂಡು ಬಂದ ಗೋಡೆ, ಅಂದರೆ ದೇವರ ಬಗ್ಗೆ ಆಡುವ ಮಾತು ಬೇರೆ, ದೇವರೊಂದಿಗೆ ಆಡುವ ಮಾತು ಬೇರೆ ಎಂಬ ಗೋಡೆ, ಅಲ್ಲಾಡುವುದು ಇಲ್ಲೇ. ಇಲಿಯಡ್‌ನ ಮೊದಲ ಸರ್ಗದಲ್ಲಿ ಗ್ರೀಕರ ಕೈಗೆ ಮಗಳನ್ನು ಕಳೆದುಕೊಂಡ ಪೂಜಾರಿ ಕ್ರೈಸೀಸ್ ಕಡಲ ತೀರದಲ್ಲಿ ಒಬ್ಬನೇ ನಡೆದು ಹೋಗಿ ಅಪೊಲೊ ದೇವನನ್ನು ಪ್ರಾರ್ಥಿಸುತ್ತಾನೆ. ‘ಕೇಳು, ಬೆಳ್ಳಿಬಿಲ್ಲಿನವನೇ’ ಎಂದು ಆಜ್ಞಾರ್ಥದಿಂದಲೇ ಆರಂಭ. ನಿನಗೆ ನಾನು ಎಂದಾದರೂ ಮೆಚ್ಚುವಂಥ ಗುಡಿ ಕಟ್ಟಿಸಿದ್ದರೆ, ಹೋರಿ ಮೇಕೆಗಳ ಕೊಬ್ಬಿದ ತೊಡೆಗಳನ್ನು ಸುಟ್ಟಿದ್ದರೆ, ನನ್ನ ಈ ಆಸೆ ಈಡೇರಿಸು, ನನ್ನ ಕಣ್ಣೀರಿಗೆ ಗ್ರೀಕರು ನಿನ್ನ ಬಾಣಗಳಿಂದ ಬೆಲೆ ತೆರಲಿ ಎನ್ನುತ್ತಾನೆ. ಅಪೊಲೊ ರಾತ್ರಿಯಂತೆ ಇಳಿದು ಬರುತ್ತಾನೆ, ಹೆಗಲ ಮೇಲೆ ಬಾಣಗಳು ಸದ್ದು ಮಾಡುತ್ತವೆ. ‘ಕೇಳು’ ಎಂಬುದು ನಿಜವೂ ಅಲ್ಲ, ಸುಳ್ಳೂ ಅಲ್ಲ, ಒಪ್ಪೋಣ. ಆದರೆ ‘ಬೆಳ್ಳಿಬಿಲ್ಲಿನವನೇ’ ಎಂಬ ಕರೆಯ ಒಳಗೆ ಒಂದು ವರ್ಣನೆ ಕೂತಿದೆ, ‘ಗುಡಿ ಕಟ್ಟಿಸಿದ್ದರೆ’ ಎಂಬುದರಲ್ಲಿ ಒಂದು ಲೆಕ್ಕದ ಪುಸ್ತಕವಿದೆ. ಅಜ್ಜಿಯ ‘ವೆಂಕಟ್ರಮಣ’ದಲ್ಲೂ ಬೆಟ್ಟವಿದೆ, ಹರಕೆಯಿದೆ, ಕೇಳಿದ ಕತೆಗಳಿವೆ. ಕತೆಯನ್ನು ಕ್ಸೆನೊಫನೀಸ್ ಗುಡಿಸಿ ಹೊರಗೆ ಹಾಕಿದರೂ ಅದು ಸಂಬೋಧನೆಯ ಸೆರಗು ಹಿಡಿದು ಒಳಗೆ ಬಂದುಬಿಡುತ್ತದೆ.

ಗ್ರೀಕರಿಗೆ ಇದು ಗೊತ್ತಿತ್ತು. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ಮುದುಕರ ಮೇಳ, ಜ್ಯೂಸ್, ನೀನು ಯಾರೇ ಆಗಿರು, ಈ ಹೆಸರು ಹಿತವಾದರೆ ಇದರಿಂದಲೇ ಕರೆಯುತ್ತೇವೆ ಎಂಬ ಅರ್ಥದಲ್ಲಿ ಹಾಡುತ್ತದೆ. ಪ್ಲೇಟೊನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಕ್ರಟೀಸ್, ದೇವರುಗಳು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೋ ನಮಗೆ ತಿಳಿಯದು, ಆದ್ದರಿಂದ ಪ್ರಾರ್ಥನೆಯಲ್ಲಿ ಅವರಿಗೆ ಪ್ರಿಯವಾದ ಯಾವುದೇ ಹೆಸರಿನಿಂದ ಕರೆಯುವುದೇ ನಮ್ಮ ರೂಢಿ ಎನ್ನುತ್ತಾನೆ. ಹೆಸರಿಲ್ಲದ್ದನ್ನು ಹೆಸರಿಸುವ ಕಷ್ಟಕ್ಕೆ ಅರಿಸ್ಟಾಟಲನ ಕಾವ್ಯಮೀಮಾಂಸೆಯ 21ನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಉದಾಹರಣೆಯಿದೆ. ಬೀಜ ಚೆಲ್ಲುವುದಕ್ಕೆ ಬಿತ್ತುವುದು ಎಂಬ ಪದವಿದೆ. ಸೂರ್ಯ ಬೆಳಕು ಚೆಲ್ಲುವುದಕ್ಕೆ ಗ್ರೀಕಿನಲ್ಲಿ ಪದವೇ ಇಲ್ಲ. ಆದ್ದರಿಂದ ಕವಿ ‘ದೇವನಿರ್ಮಿತ ಜ್ವಾಲೆಯನ್ನು ಬಿತ್ತುತ್ತಾ’ ಎಂದ. ಇಲ್ಲಿ ರೂಪಕ ಒಡವೆಯಲ್ಲ, ಇನ್ನೊಂದು ಪದ ಇದ್ದೂ ಚಂದಕ್ಕೆ ತೊಡಿಸಿದ್ದಲ್ಲ. ಪದ ಇಲ್ಲದ ಕಡೆ ನೆರೆಮನೆಯಿಂದ ಕಡ ತಂದದ್ದು. ಅದೇ ಗ್ರಂಥದ 25ನೆಯ ಅಧ್ಯಾಯದಲ್ಲಿ, ದೇವರ ಕತೆಗಳು ನಿಜವೂ ಇರಲಿಕ್ಕಿಲ್ಲ, ಇರಬೇಕಾದ ಹಾಗೂ ಇರಲಿಕ್ಕಿಲ್ಲ, ಕ್ಸೆನೊಫನೀಸ್ ಹೇಳಿದ್ದೇ ಸರಿಯಿರಬಹುದು, ಆದರೂ ‘ಜನ ಹಾಗೆ ಹೇಳುತ್ತಾರೆ’ ಎಂಬುದೇ ಕವಿಗೆ ಸಾಕಾದ ಸಮರ್ಥನೆ ಎಂದು ಅವನು ತಣ್ಣಗೆ ಹೇಳಿ ಮುಗಿಸುತ್ತಾನೆ. ಮೊದಲ ಓದಿಗೆ ಇದು ಜಾರಿಕೊಳ್ಳುವ ಉತ್ತರವೆನಿಸಿತ್ತು. ಈಗ ಹಾಗೆನಿಸುವುದಿಲ್ಲ. ನಾವು ಕರೆಯುವ ಹೆಸರುಗಳನ್ನು ಯಾರೂ ಪರೀಕ್ಷಿಸಿ ಕೊಟ್ಟದ್ದಲ್ಲ, ಹಾಗೆ ಕರೆಯುವವರ ನಡುವೆ ಹುಟ್ಟಿ ಕಲಿತದ್ದು. ತಮ್ಮನ ಮಗಳಿಗೆ ನಾನು ಕೊಡಬೇಕಾಗಿದ್ದ ಉತ್ತರವೂ ಇದಕ್ಕೆ ಹತ್ತಿರದ್ದೇನೋ: ದೇವರು ಚಿಕ್ಕವನೆಂದಲ್ಲ, ಹತ್ತಿರವೆಂದೂ ಅಲ್ಲ, ನಿನ್ನ ಮುತ್ತಜ್ಜಿ ಹಾಗೆ ಕರೆಯುತ್ತಿದ್ದಳು. ಹುಡುಗಿ ಇದಕ್ಕೂ ಒಂದು ‘ಯಾಕೆ’ ಹಾಕುತ್ತಿದ್ದಳು, ಆ ಮಾತು ಬೇರೆ.

ಗೌರಿ ಸಿಗಲೇ ಇಲ್ಲ. ಮೂರನೆಯ ದಿನ ಸಂಜೆ ಅಜ್ಜಿ ಎಂದಿನಂತೆ ಬತ್ತಿ ಎಳೆದು ದೀಪ ಹಚ್ಚಿದಳು, ಬೆರಳನ್ನು ಕೂದಲಿಗೆ ಒರೆಸಿಕೊಂಡಳು, ಕೈ ಮುಗಿಯದೆ ತಿರುಗಿ ಅಡಿಗೆಮನೆಗೆ ಹೊರಟಳು. ‘ಇವತ್ತು ಏನೂ ಕೇಳ್ಲಿಲ್ವಾ ಅಜ್ಜಿ?’ ಎಂದೆ. ಅವಳು ನಿಲ್ಲದೆ ಹೇಳಿದಳು: ‘ಅವನ ಹತ್ರ ಮಾತು ಬಿಟ್ಟಿದೀನಿ.’